ಬಟ್ಟಲಲ್ಲಿ ಉಳಿದ ಮಸಾಲೆ

೧೪ ಅಕ್ಟೋಬರ್ ೨೦೧೬, ಶುಕ್ರವಾರ, ವಾದಿ ಅದಾಯ್

ತೈಲದ ಬೆಲೆ ಬಿದ್ದು, ಈ ಗಲ್ಫ್ ಊರಿನಲ್ಲಿ ಇವರ ಕಂಪನಿ ಹೆಂಡತಿ-ಮಕ್ಕಳ ಆರೋಗ್ಯ ವಿಮೆ ರದ್ದು ಮಾಡಿದ ಮೇಲೆ ನಾನು ಕಾಯಿಲೆ ಬೀಳುವಂತಿಲ್ಲ. ಅದಕ್ಕೇ ಈ ಕ್ಯಾಲೊರಿ ಲೆಕ್ಕ. ಅಂಜಲ್ ಮೀನಿಗೆ ಹಚ್ಚಿ ಬಟ್ಟಲಲ್ಲಿ ಉಳಿದ ಮಸಾಲೆಯನ್ನು ತೂಗಿ, ಹೊಟ್ಟೆಗೆ ಹೋಗುವುದಿಲ್ಲವೆಂದು ಲೆಕ್ಕದಿಂದ ಕಳೆದೆ. ಕಾವಲಿಯಲ್ಲಿ ಉಳಿದ ಎಣ್ಣೆಯನ್ನೂ ಕಳೆದೆ. ಅಷ್ಟರಲ್ಲಿ ಇವರು ಆ ಮಸಾಲೆಯನ್ನು ಅದೇ ಎಣ್ಣೆಗೆ ಸುರಿದು, ಗರಿಗರಿಯಾಗಿ ಹುರಿದು, ಅನ್ನ ಕಲಸಿದರು.

“ಒಂದು ತುತ್ತು ತಿನ್ನು ಮಾರಾಯ್ತಿ. ಹೇಗೂ ಮೈನಸ್ ಮಾಡಿ ಆಯ್ತಲ್ಲ.”

“ದಟ್ಸ್ ಚೀಟಿಂಗ್, ಅಮ್ಮ,” ಎಂದಳು ಮಗಳು.

ಕಳೆದದ್ದನ್ನು ಮತ್ತೆ ಕೂಡಿಸಬೇಕೇ? ಮೊದಲ ತುತ್ತು ಇವರ ಬಲವಂತ, ಇವರ ಲೆಕ್ಕಕ್ಕೇ ಹೋಗಲಿ. ಎರಡನೆಯದನ್ನು ಮಗಳು ನೋಡಲಿಲ್ಲ. ಮೂರನೆಯದಕ್ಕೆ ನಾನೇ ತಟ್ಟೆ ಒಡ್ಡಿದ್ದು ನಿಜ, ಆದರೆ ಈಗ ನಿದ್ದೆ ಬರುತ್ತಿದೆ.