ಬೆನ್ನ ಹಿಂದಿನ ಕೂಗು

ಪೀಣ್ಯ, ಬೆಂಗಳೂರು
೧೪ ಸೆಪ್ಟೆಂಬರ್ ೧೯೭೮, ಗುರುವಾರ

ರಾಮಾಂಜಿ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ನಾವೆಲ್ಲ ಇಲ್ಲಿ ಕ್ಷೇಮ ಎಂಬ ಸಾಲನ್ನು ಈ ಸಲ ಬರೆಯುತ್ತಿಲ್ಲ. ಬರೆದರೆ ನೀನು ನಂಬುವುದೂ ಇಲ್ಲ. ನಿನ್ನ ಇನ್‌ಲ್ಯಾಂಡ್ ಕಾಗದ ನಿನ್ನೆ ಕೈಗೆ ಬಂತು. ಅದನ್ನು ಮನೆಗೆ ಬರೆಯದೆ ಕಾರ್ಖಾನೆಯ ವಿಳಾಸಕ್ಕೆ ಬರೆದಿದ್ದೀಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ? ಗೇಟಿನಲ್ಲಿ ಯಾರಾದರೂ ಒಡೆದು ಓದಿದ್ದರೆ ಇಬ್ಬರ ಅನ್ನಕ್ಕೂ ಕಲ್ಲು ಬೀಳುತ್ತಿತ್ತು. ಸದ್ಯ, ಟೈಮ್ ಆಫೀಸಿನವರು ಹಾಗೆಯೇ ಕೊಟ್ಟರು.

ಸೋಮವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಪರ್ಸನಲ್ ಆಫೀಸಿನಲ್ಲಿ ನನ್ನ ವಿಚಾರಣೆ. ಅಲ್ಲಿಗೆ ನೀನೇ ಬಂದು ಎಲ್ಲರೆದುರು ನಿಜ ಹೇಳುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ವಿಚಾರಣೆ ಮುಗಿಯುವವರೆಗೆ ನಿನ್ನನ್ನು ಕಾಣಕೂಡದು ಎಂದು ನನಗೆ ತಾಕೀತಾಗಿದೆ, ಇಲ್ಲದಿದ್ದರೆ ದೊಡ್ಡನೆಕ್ಕುಂದಿಗೇ ಬಂದು ಕಿವಿ ಹಿಂಡಿ ಹೇಳುತ್ತಿದ್ದೆ. ಶನಿವಾರದೊಳಗೆ ಈ ಕಾಗದ ನಿನಗೆ ಮುಟ್ಟಬೇಕು. ಅದಕ್ಕೇ ಪೋಸ್ಟಾಫೀಸಿನ ಎದುರಿನ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದ ಈ ಹೊತ್ತಿನಲ್ಲಿ ಫುಟ್‌ಬಾಲ್ ಪ್ರಾಕ್ಟೀಸ್ ಬಿಟ್ಟು ಹೋಟೆಲಿನಲ್ಲಿ ಕೂತದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ನೀನು ಬರೆದದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಫೈನಲ್ ಮುಗಿಯಲು ಎಂಟು ನಿಮಿಷವಿತ್ತು, ಎರಡೂ ಕಡೆ ಗೋಲಿರಲಿಲ್ಲ. ಬಲಗಡೆಯಿಂದ ಚೆಂಡು ಎತ್ತರವಾಗಿ ಬಂತು, ನಾನು ತಲೆಯಿಂದ ಹೊಡೆದು ಆಚೆ ಕಳಿಸಲು ಸಿದ್ಧನಾಗಿ ನಿಂತಿದ್ದೆ. ನನ್ನ ಬೆನ್ನ ಹಿಂದಿದ್ದ ನೀನು 'ಬಿಡು' ಎಂದು ಕೂಗಿದೆ. ನಮ್ಮ ಗೋಲ್‌ಕೀಪರ್ ಕೂಗಿದನೆಂದು ತಿಳಿದು ನಾನು ತಲೆ ತಗ್ಗಿಸಿದೆ. ಚೆಂಡು ನಿನ್ನ ಕಾಲಿಗೆ ಬಂತು, ಗೋಲಾಯಿತು, ನಿಮ್ಮ ಕಾರ್ಖಾನೆ ಕಪ್ಪು ಹೊತ್ತುಕೊಂಡು ಹೋಯಿತು. ಎದುರಾಳಿಯನ್ನು ಹಾಗೆ ಕೂಗಿ ಮೋಸ ಮಾಡುವುದು ಫೌಲು, ರೆಫರಿಗೆ ಕೇಳಿಸಿದ್ದರೆ ಆ ಗೋಲು ನಿಲ್ಲುತ್ತಿರಲಿಲ್ಲ. ಈಗ ಅಣ್ಣ ತಮ್ಮನಿಗೆ ಬೇಕೆಂದೇ ಪಂದ್ಯ ಬಿಟ್ಟುಕೊಟ್ಟ ಎಂದು ನನ್ನ ಮೇಲೆ ಅರ್ಜಿ ಹೋಗಿದೆ. ಅದನ್ನು ಕೇಳಿ ನಿನಗೆ ಅನ್ನ ಸೇರುತ್ತಿಲ್ಲ, ಬಂದು ತಪ್ಪೊಪ್ಪಿಕೊಂಡು ಕೆಲಸ ಬಿಡುತ್ತೇನೆ ಎನ್ನುತ್ತೀಯ.

ಬಿಟ್ಟು ಏನು ಮಾಡುತ್ತೀಯೋ? ನಮ್ಮ ಹೊಲ ಕಾರ್ಖಾನೆಗಳ ಕಾಂಪೌಂಡಿನೊಳಗೆ ಹೋಗಿ ಆರು ವರ್ಷವಾಯಿತು, ರಾಗಿ ಬಿತ್ತಲು ಹಿತ್ತಲೂ ಇಲ್ಲ. ನೀನಿನ್ನೂ ಟೆಂಪರರಿ. ಡಿಸೆಂಬರಿನಲ್ಲಿ ಪರ್ಮನೆಂಟ್ ಮಾಡುವುದಾಗಿ ನಿಮ್ಮವರು ಹೇಳಿರುವುದೂ ಆ ಗೋಲಿನ ಮೇಲೆಯೇ. ನೀನು ಬಂದು ಬಾಯಿಬಿಟ್ಟರೆ ಕಪ್ಪೂ ಹೋಗುತ್ತದೆ, ನೀನೂ ಹೋಗುತ್ತೀಯ. ಅಷ್ಟಾದರೂ ನಾನು ಉಳಿಯುತ್ತೇನೆಯೇ ಎಂದರೆ ಅದೂ ಇಲ್ಲ, ಏಕೆಂದರೆ ನಾನು ಆಗಲೇ ಬರೆದುಕೊಟ್ಟಾಗಿದೆ.

ಪರ್ಸನಲ್ ಆಫೀಸರ್ ಶ್ಯಾಮಸುಂದರ ಸಾರ್ ಮಂಗಳವಾರ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಒಳ್ಳೆಯ ಮನುಷ್ಯ. "ನೋಡಿ ಬೈರಪ್ಪ, ಬೇಕು ಅಂತ ಬಿಟ್ಟೆ ಅಂತಾದ್ರೆ ಕೆಲಸ ಹೋಗುತ್ತೆ. ಮೊಣಕಾಲು ಕೈಕೊಡ್ತು ಅಂತ ಬರ್ಕೊಡಿ. ಟೀಮಿಂದ ಹೆಸರು ತೆಗೀತೀವಿ, ಕೆಲಸ ಉಳಿಯುತ್ತೆ" ಎಂದರು. ನಿನ್ನೆ ಬರೆದುಕೊಟ್ಟೆ. ಮೇಲಕ್ಕೆ ಹಾರುವಾಗ ಬಲ ಮೊಣಕಾಲು ಸಹಕರಿಸಲಿಲ್ಲ, ಇನ್ನು ಮುಂದೆ ಆಡಲು ಶಕ್ತನಲ್ಲ ಎಂದು. ಡಾಕ್ಟರೂ ಸಹಿ ಹಾಕಿದರು. ಆ ಮೊಣಕಾಲಿನ ಸ್ಥಿತಿ ನಿನಗೆ ಗೊತ್ತೇ ಇದೆ, ಅವರು ದೊಡ್ಡ ಸುಳ್ಳೇನೂ ಹೇಳಬೇಕಾಗಲಿಲ್ಲ. ಒಂದನೇ ತಾರೀಖಿನಿಂದ ನಾನು ಮೆಷಿನ್ ಶಾಪಿನಲ್ಲಿ ಮೂರು ಶಿಫ್ಟಿನ ಮನುಷ್ಯ. ಸೋಮವಾರ ನೀನು ಬಂದು 'ನಾನು ಕೂಗಿದೆ' ಎಂದರೆ ನನ್ನ ಕಾಗದ ಸುಳ್ಳಾಗುತ್ತದೆ, ಸುಳ್ಳು ಹೇಳಿಕೆ ಕೊಟ್ಟವನೆಂದು ನನ್ನನ್ನೂ ಗೇಟಿನಾಚೆ ಹಾಕುತ್ತಾರೆ. ಇಷ್ಟಕ್ಕೂ ನಿನ್ನ ಕೂಗು ನನಗೆ ಕೇಳಿಸಲೇ ಇಲ್ಲ. ಆ ಗಲಾಟೆಯಲ್ಲಿ ಯಾರಿಗೆ ಏನು ಕೇಳಿಸುತ್ತದೆ? ಹಾಗಿರುವಾಗ ನೀನು ಮಾಡಿದ ತಪ್ಪಾದರೂ ಯಾವುದು, ಸುಮ್ಮನಿರು.

ಆಟ ಹೋಯಿತಲ್ಲ ಎಂದು ನನಗಾಗಿ ಕಣ್ಣೀರು ಹಾಕಬೇಡ. ಮೂವತ್ತಮೂರಾಯಿತು, ಇನ್ನೆರಡು ವರ್ಷದಲ್ಲಿ ಹೇಗೂ ಹೋಗುತ್ತಿತ್ತು. ಬೇಜಾರಾಗಿರುವುದು ಬೇರೆ. ವೆಂಕಟೇಶಪ್ಪ ಎಂದು ನನ್ನ ಪಕ್ಕದ ಲೇತಿನವನು, ಇಷ್ಟು ವರ್ಷ ಹನ್ನೆರಡು ಗಂಟೆಗೆ ನಾನು ಪ್ರಾಕ್ಟೀಸಿಗೆ ಎದ್ದು ಹೋದರೆ ನನ್ನ ಕೆಲಸವನ್ನೂ ಎಳೆದವನು. ಮೊನ್ನೆ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಅವನ ಎದುರು ಕೂತೆ. "ನಾವು ನಿನ್ ಕೆಲ್ಸ ಎಳ್ದಿದ್ದು ನಿನ್ ತಮ್ಮನ ಕಾರ್ಖಾನೆ ಗೆಲ್ಲಲಿ ಅಂತಾನಾ ಬೈರಪ್ಪ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಬೇರೆ ಮೇಜಿಗೆ ಹೋದ. ಪೇಪರಿನಲ್ಲಿ ಬರೆದವರು ಎಷ್ಟು ಬೈದರೂ ನನಗೆ ಇಷ್ಟು ನೋವಾಗಿರಲಿಲ್ಲ.

ನಿಮ್ಮಂಥ ಗೋಲು ಹೊಡೆಯುವವರಿಗೆ ಗೆಲುವು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಓಡಿ ಬಂದು ಮೈಮೇಲೆ ಬೀಳುತ್ತಾರೆ. ಗೋಲಾಗದಂತೆ ತಡೆಯುವ ನನ್ನಂಥ ಸ್ಟಾಪರಿಗೆ ಗೆಲುವೆಂದರೆ ಏನೂ ಆಗದೆ ಇರುವುದು. ಪಂದ್ಯ ಪೂರ್ತಿ ನನ್ನ ಕಡೆ ಏನೂ ಆಗಲಿಲ್ಲವೆಂದರೆ ನಾನು ಚೆನ್ನಾಗಿ ಆಡಿದೆ ಎಂದರ್ಥ. ನಾನು ಇದನ್ನೇ ಮನೆಗೂ ತಂದೆನೆಂದು ನಿನ್ನ ಅತ್ತಿಗೆಯ ದೂರು. ಮನೆಯಲ್ಲಿ ಏನೂ ಆಗುತ್ತಿಲ್ಲವಾದರೆ ಸಂಸಾರ ಚೆನ್ನಾಗಿದೆ ಎಂದುಕೊಂಡು ಇದ್ದುಬಿಟ್ಟೆನಂತೆ. ಒಮ್ಮೆ ಭಾನು ಕೇಳಿದ್ದಳು: "ಗೆದ್ದ ದಿನ ನೀವು ಟೀಮಿನೋರ ಜೊತೆ. ಸೋತ ದಿನ ಮುಖ ಊದಿಸ್ಕೊಂಡು ಮನೆಗೆ ಬರ್ತೀರ. ನಾನು ಯಾವುದು ಆಗ್ಲಿ ಅಂತ ದೇವ್ರಿಗೆ ಕೈ ಮುಗೀಲಿ?" ನಾನು ಆಗ ನಕ್ಕಿದ್ದೆ. ಈಗ ನೆನೆಸಿಕೊಂಡರೆ ಗೆದ್ದ ಸಂಜೆಗಳಲ್ಲಿ ಒಂದನ್ನೂ ಅವಳ ಜೊತೆ ಕಳೆದದ್ದು ನೆನಪಿಗೆ ಬರುತ್ತಿಲ್ಲ. ಮಗಳು ಹುಟ್ಟಿದ ಸುದ್ದಿ ಬಂದಾಗಲೂ ನಾನು ಕಪ್ಪಿನ ಜೊತೆ ಲಾರಿಯ ಮೇಲೆ ನಿಂತು ಮೆರವಣಿಗೆಯಲ್ಲಿದ್ದೆ.

ಈ ಕಪ್ಪು ಗೆದ್ದರೆ ಆಟಗಾರರಿಗೆ ಕ್ವಾರ್ಟರ್ಸ್ ಎಂದು ಮ್ಯಾನೇಜ್‌ಮೆಂಟ್ ಹೇಳಿತ್ತು. ಭಾನು ಹೋಗಿ ಅಲ್ಲಿನ ಅಡಿಗೆಮನೆ ನೋಡಿಕೊಂಡು ಬಂದು, ಯಾವ ಡಬ್ಬ ಎಲ್ಲಿಡುವುದು ಎಂದು ಮಗಳಿಗೆ ಪಾಠ ಹೇಳುತ್ತಿದ್ದಳು. ಈಗ ಮತ್ತೆ ಇದೇ ಒಂದು ಕೋಣೆ, ಮೇಲೆ ಶೀಟು. ಅದಕ್ಕಾದರೂ ಅವಳು ಜಗಳ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. "ನಿಮ್ಮಮ್ಮ ಹೇಳಿದ್ ಹಾಗೆ ನಡ್ಕೊಂಡ್ರಿ, ಬಿಡಿ" ಎಂದು ಒಂದೇ ಮಾತು ಹೇಳಿ ಬಟ್ಟೆ ಒಗೆಯಲು ಹೋದಳು. ಹದಿನೈದು ದಿನದಿಂದ ಊಟಕ್ಕೆ ಕರೆಯುವುದು ಬಿಟ್ಟರೆ ಬೇರೆ ಮಾತಿಲ್ಲ.

ಅಮ್ಮ ಹೇಳಿದ್ದು ನಿನಗೆ ಗೊತ್ತಿಲ್ಲ, ಗೊತ್ತಾಗಬಾರದು ಎಂದೇ ಇದ್ದೆ. ಫೈನಲಿಗೆ ನಾಲ್ಕು ದಿನ ಮುಂಚೆ ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದಳು. ಸೊಪ್ಪು, ಹುರುಳಿಕಾಳು ಕೊಟ್ಟು, ಹೊರಡುವಾಗ ಭಾನುವಿನ ಎದುರಿಗೇ, "ನಿಂಗೆ ಬೇಕಾದಂಗೆ ಕಪ್ಪು ಬಂದೈತೆ ಕಣಪ್ಪ. ಈ ಕಿತ ಒಂದು ಅವ್ನಿಗೆ ಬಿಟ್ಕೊಡು. ಅವಂದೂ ಒಂದು ಕೆಲ್ಸ ಅಂತ ಗಟ್ಟಿಯಾಗ್ಲಿ" ಎಂದಳು. ಅವಳಿಗೆ ಆಟವೆಂದರೆ ಹಬ್ಬದ ಹೋಳಿಗೆ, ದೊಡ್ಡವನು ಒಂದು ಚಿಕ್ಕವನ ಎಲೆಗೆ ಹಾಕಿದರೆ ಆಯಿತು. ನಾನು ಸುಮ್ಮನೆ ಹೂಂಗುಟ್ಟಿ ಬಸ್ಸು ಹತ್ತಿಸಿದೆ. ಆ ಹೂಂಗುಟ್ಟಿದ್ದನ್ನು ಭಾನು ಹಿಡಿದುಕೊಂಡಿದ್ದಾಳೆ.

ಅಮ್ಮನ ಮಾತಿಗೆ ಬಿಟ್ಟೆ ಎಂದು ನೀನೂ ತಿಳಿಯಬೇಡ. ಆ ದಿನ ನಾನು ಬಯಲಿಗಿಳಿದದ್ದು ನಿನಗೆ ಮಣ್ಣು ಮುಕ್ಕಿಸಲು. ಮೊದಲರ್ಧದಲ್ಲಿ ನಿನ್ನ ಎಡಗಾಲಿನ ಮೀನಖಂಡಕ್ಕೆ ಬಿದ್ದ ಏಟಿದೆಯಲ್ಲ, ನೀನು ಎರಡು ನಿಮಿಷ ಎದ್ದೇಳಲಿಲ್ಲ, ಅದು ಚೆಂಡಿಗೆ ಒದ್ದದ್ದಲ್ಲ. ಚೆಂಡು ಎಲ್ಲಿದೆಯೆಂದು ನಾನು ನೋಡಿಯೂ ಇರಲಿಲ್ಲ. ರೆಫರಿ ಬಂದು ಕೇಳಿದಾಗ ಕೈ ಮೇಲೆತ್ತಿ ಅಮಾಯಕನ ಹಾಗೆ ನಿಂತೆ. ಅಪ್ಪ ಸಾಯುವಾಗ ನಿನ್ನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದವನು, ಅದನ್ನು ನೋಡಿದ್ದರೆ ನನ್ನ ಮುಖಕ್ಕೆ ಉಗಿಯುತ್ತಿದ್ದ. ನಿನ್ನ ಕಾಗದದಲ್ಲಿ ಆ ಏಟಿನ ಸುದ್ದಿಯೇ ಇಲ್ಲ. ನಿನ್ನೆ ಅದನ್ನು ಓದುವಾಗ ನನಗೆ ನಾಚಿಕೆಯಾಯಿತು.

ಇಷ್ಟು ಬರೆದ ಮೇಲೆ ಇನ್ನು ಮುಚ್ಚಿಡುವುದು ಯಾವ ಪುರುಷಾರ್ಥಕ್ಕೆ? ನಿನ್ನ ಕೂಗು ಕೇಳಿಸಲಿಲ್ಲ ಎಂದು ಮೇಲೆ ಬರೆದೆನಲ್ಲ, ಆ ಸಾಲನ್ನು ಹೊಡೆದುಹಾಕಿ ಓದಿಕೋ. ಕೇಳಿಸಿತು. ನಮ್ಮ ಗೋಲ್‌ಕೀಪರ್ ಎಂದು ನಾನು ಒಂದು ಗಳಿಗೆಯೂ ಮೋಸಹೋಗಲಿಲ್ಲ. ನಮ್ಮ ಟೀಮಿನಲ್ಲಿ ಕನ್ನಡದಲ್ಲಿ ಕೂಗುವವನು ಯಾರಿದ್ದಾನೆ ಹೇಳು? ಆಸ್ಟಿನ್ ಟೌನಿನವರೆಲ್ಲ ತಮಿಳಿನಲ್ಲಿ 'ವುಡು' ಎನ್ನುತ್ತಾರೆ, ಉಳಿದವರು 'ಲೀವ್' ಎನ್ನುತ್ತಾರೆ. ನಾನೇ ಇಷ್ಟು ವರ್ಷ ಅವರ ಜೊತೆ 'ವುಡು ವುಡು' ಎಂದೇ ಅರಚಿಕೊಂಡಿದ್ದೇನೆ. 'ಬಿಡು' ಎಂದು ಕೂಗುವುದು ಆ ಬಯಲಿನಲ್ಲಿ ಒಬ್ಬನೇ. ಅವನಿಗೆ ಏಳು ವರ್ಷವಾಗಿದ್ದಾಗ ನಮ್ಮೂರ ಕೆರೆಯಂಗಳದಲ್ಲಿ, ಹಿಂದಿನವನು ಬಿಡು ಅಂದ್ರೆ ಹಿಂತಿರುಗಿ ನೋಡದೆ ಬಿಟ್ಟುಬಿಡಬೇಕು ಕಣೋ ಎಂದು ಕಲಿಸಿದವನೂ ಒಬ್ಬನೇ.

ಹಾಗಾದರೆ ಏಕೆ ಬಿಟ್ಟೆ ಎನ್ನುತ್ತೀಯ. ಹೋದ ವರ್ಷ ನಮ್ಮ ಕಾರ್ಖಾನೆಯಲ್ಲಿ ನಿನಗಾಗಿ ಮಾತಾಡಿ, ಸೆಲೆಕ್ಷನ್ ದಿನ ಗೇಟಿನಲ್ಲಿ ಕಾಯುತ್ತ ನಿಂತಿದ್ದೆ. ನೀನು ಅದೇ ದಿನ ಹೇಳದೆ ಕೇಳದೆ ಅವರಲ್ಲಿಗೆ ಹೋಗಿ ಸಹಿ ಹಾಕಿದೆ. ಕೇಳಿದ್ದಕ್ಕೆ, ಬೈರನ ತಮ್ಮ ಅನ್ನಿಸ್ಕೊಂಡು ಆಡೋಕೆ ನಂಗಿಷ್ಟ ಇಲ್ಲ ಎಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ ಮುಂದೆಯೇ, ಇವತ್ತಿಂದ ನನ್ನ ಅಣ್ಣ ಅಂತ ಕರೀಬೇಡ ಹೋಗೋ ಎಂದುಬಿಟ್ಟೆ. ನೀನು ಹಟಮಾರಿ, ಕರೆಯಲಿಲ್ಲ. ಹದಿನಾಲ್ಕು ತಿಂಗಳು. ಹಬ್ಬಕ್ಕೆ ನಾನು ಮನೆಗೆ ಬಂದರೆ ನೀನು "ಅಮ್ಮಾ, ಅವ್ರಿಗೆ ನೀರು ಬೇಕಂತೆ" ಎನ್ನುತ್ತಿದ್ದೆ. ಎದುರಿಗೆ ಸಿಕ್ಕರೆ ಕೆಮ್ಮಿ ಮಾತು ಶುರುಮಾಡುತ್ತಿದ್ದೆ. ನಾನೂ ದೊಡ್ಡ ಮನುಷ್ಯನ ಹಾಗೆ ಬಿಗಿದುಕೊಂಡಿದ್ದೆನೇ ಹೊರತು, ಏನೋ ಸಿಟ್ಟಲ್ಲಿ ಅಂದೆ ಕಣೋ, ಕರಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ಬಸ್‌ಸ್ಟಾಪಿನಲ್ಲಿ ಯಾರೋ ಯಾರನ್ನೋ 'ಅಣ್ಣಾ' ಎಂದು ಕರೆದದ್ದಕ್ಕೆ ಹಿಂತಿರುಗಿ ನೋಡಿದ್ದೂ ಉಂಟು.

ಆ ದಿನ ಬೆನ್ನ ಹಿಂದೆ 'ಬಿಡಣ್ಣಾ' ಎಂದು ಕೇಳಿಸಿತು. ಚೆಂಡು ಬರುವುದು ಕಾಣುತ್ತಿತ್ತು. ಹಿಂದಿರುವುದು ನೀನು ಎಂದು ಗೊತ್ತಿತ್ತು, ತಗ್ಗಿದರೆ ಗೋಲು ಎಂದೂ ಗೊತ್ತಿತ್ತು. ತಗ್ಗಿದೆ. ನೀನು ಹೊಡೆದದ್ದು ಬಲೆಗೆ ಬಿದ್ದಾಗ ನನಗೆ ಖುಷಿಯಾಯಿತು ರಾಮಾಂಜಿ. ನಮ್ಮವರು ಬೈಯುತ್ತ ಓಡಿ ಬಂದು ಅಂಗಿ ಹಿಡಿದು ಎಳೆಯುವವರೆಗೂ ಖುಷಿಯಾಗಿಯೇ ನಿಂತಿದ್ದೆ. ಇದನ್ನು ಶ್ಯಾಮಸುಂದರ ಸಾರಿಗೆ ಹೇಗೆ ಹೇಳುವುದು? ವೆಂಕಟೇಶಪ್ಪನಿಗೆ ಏನೆಂದು ಹೇಳುವುದು? ಭಾನುವಿಗಂತೂ ಹೇಳಲೇಬೇಕು, ಇವತ್ತು ಮನೆಗೆ ಹೋದ ಮೇಲೆ ಹೇಳುತ್ತೇನೆ. ಕ್ವಾರ್ಟರ್ಸಿಗಿಂತ ಒಂದು ಕೂಗು ಹೆಚ್ಚಾಯಿತೇ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಆದರೂ ಈ ಒಂದನ್ನು ಅವಳಿಂದ ಮುಚ್ಚಿಡುವುದಿಲ್ಲ.

ನೀನು ನನಗೆ ಮೋಸ ಮಾಡಲಿಲ್ಲ. ಅಷ್ಟನ್ನು ತಿಳಿದುಕೊಂಡು ಸೋಮವಾರ ನೆಟ್ಟಗೆ ಕೆಲಸಕ್ಕೆ ಹೋಗು. ಹತ್ತು ಗಂಟೆಗೆ ಪೀಣ್ಯದ ಕಡೆ ಮುಖ ಕೂಡ ಹಾಕಬೇಡ. ಕಾಲಿಗೆ ಬಿಸಿನೀರಿನ ಕಾವು ಕೊಡು, ಮೀನಖಂಡದ ನೋವನ್ನು ಅಸಡ್ಡೆ ಮಾಡಿದರೆ ಮುಂದಿನ ಸೀಸನ್ನಿನಲ್ಲಿ ಕಾಟ ಕೊಡುತ್ತದೆ. ಅಮ್ಮನೆದುರು ಈ ಕಾಗದ ಓದಬೇಡ. ಅಣ್ಣ ಏನು ಬರೆದಿದ್ದಾನೆ ಎಂದು ಕೇಳಿದರೆ ಮೊಣಕಾಲಿನ ವಿಷಯ ಮಾತ್ರ ಹೇಳು.

ನಿನ್ನ ಒಳ್ಳೆಯದನ್ನೇ ಬಯಸುವ, ಒಳ್ಳೆಯ ಮಾತು ಹೇಳಲು ಬಾರದ,
ಬೈರಪ್ಪ

ತಾ.ಕ.: ಅಂಟು ಹಚ್ಚುವ ಮುಂಚೆ ನಿನ್ನ ಕಾಗದವನ್ನು ಜೇಬಿನಿಂದ ತೆಗೆದು ಇನ್ನೊಂದು ಸಲ ಓದಿದೆ. 'ಬಿಡು ಅಂತ ಕೂಗಿದೆ' ಎಂದು ನಾಲ್ಕು ಕಡೆ ಬರೆದಿದ್ದೀಯ. 'ಬಿಡಣ್ಣ' ಎಂದು ಒಂದು ಕಡೆಯೂ ಇಲ್ಲ. ಕಾಗದದ ತಲೆಯಲ್ಲೂ ಬರೀ 'ನಮಸ್ಕಾರ' ಎಂದಿದೆ. ಆ ಅರಚಾಟದಲ್ಲಿ ಉಳಿದದ್ದನ್ನು ನನ್ನ ಕಿವಿಯೇ ಸೇರಿಸಿಕೊಂಡಿತೋ ಏನೋ. ಹಾಗೇನಾದರೂ ಆಗಿದ್ದರೆ, ದಯವಿಟ್ಟು, ಅದನ್ನು ನನಗೆ ಯಾವತ್ತೂ ಹೇಳಬೇಡ.