ಅತ್ತೆ ನೋಡಿದ ಸಿನೆಮಾ

ಡೊಂಬಿವಲಿ ಪೂರ್ವ,
ರವಿವಾರ, ೧೬ ಫೆಬ್ರವರಿ ೨೦೨೫

ಪ್ರೀತಿಯ ರಂಜನ್,

ಹೇಗಿದ್ದೀರಿ? ಇಂಜಿನ್ ರೂಮಿನ ಸೆಕೆಗೆ ಬೆನ್ನಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹೊಸ ಅಡುಗೆಯವನು ಸಾರಿಗೆ ಸಕ್ಕರೆ ಹಾಕುತ್ತಾನೆ ಎಂದಿದ್ದಿರಿ, ಅದಕ್ಕೇ ಈ ಪತ್ರದ ಜೊತೆ ಒಣಸಿಗಡಿ ಚಟ್ನಿಯ ಡಬ್ಬಿ ಇಟ್ಟಿದ್ದೇನೆ. ಖಾರಘರದ ಜಯೇಶ್ ಸಿಂಗಾಪುರದಲ್ಲಿ ನಿಮ್ಮ ಹಡಗು ಹತ್ತುತ್ತಾನಂತೆ. ನಾಳೆ ಬೆಳಿಗ್ಗೆ ಬಂದು ಎರಡನ್ನೂ ತೆಗೆದುಕೊಂಡು ಹೋಗುತ್ತಾನೆ. ಡಬ್ಬಿಗೆ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿದ್ದೇನೆ, ಆದರೂ ವಿಮಾನದಲ್ಲಿ ವಾಸನೆ ಬಂದರೆ ಅವನ ಹಣೆಬರಹ. ಇಲ್ಲಿ ನಾವು ಮೂವರೂ ಕ್ಷೇಮ. ಅನುಷ್ಕಾ ಇನ್ನೊಂದು ಇಂಚು ಉದ್ದವಾಗಿದ್ದಾಳೆ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಈಗಲೂ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ಇನ್ನು ನಿಮ್ಮ ಅಮ್ಮ. ಈ ಪತ್ರವೇ ಅವರ ವಿಷಯ.

ಫೋನಿನಲ್ಲಿ ಹೇಳಬಾರದಿತ್ತೇ ಎನ್ನುತ್ತೀರಿ. ನಿಮ್ಮ ಫೋನು ಬಂದಾಗಲೆಲ್ಲ ಅತ್ತೆ ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ನಾನು ಮಾತು ತೆಗೆದರೆ ಸಾಕು, ತೊಡೆ ಚಿವುಟುತ್ತಾರೆ. ನಿನ್ನೆ ಅವರೇ ಅಪ್ಪಣೆ ಕೊಟ್ಟರು: "ಈಗ ಅವನಿಗೆ ಹೇಳು. ಆದ್ರೆ ಬರೆದು ಹೇಳು. ಫೋನಲ್ಲಿ ಹೇಳಿದ್ರೆ ಬೊಬ್ಬೆ ಹಾಕ್ತಾನೆ. ಕಾಗದಕ್ಕೆ ಬೊಬ್ಬೆ ಹಾಕಿ ಪ್ರಯೋಜನ ಇಲ್ಲ." ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಎಲ್ಲವೂ ಒಳ್ಳೆಯದೇ ಆಗಿದೆ. ನೆಮ್ಮದಿಯಿಂದ ಓದಿ.

ಮೂರನೇ ಮಾಳಿಗೆಯ ಭುಜಂಗಣ್ಣ ಗೊತ್ತಲ್ಲ, ಥಾಣೆಯ ಹೋಟೆಲನ್ನು ಮಗನಿಗೆ ಒಪ್ಪಿಸಿದ ಮೇಲೆ ಹೊತ್ತು ಹೋಗದೆ ಲಿಫ್ಟಿನವರ ಜೊತೆ, ಹಾಲಿನವರ ಜೊತೆ ಜಗಳ ಆಡುತ್ತಿದ್ದರು. ಹೊಸ ವರ್ಷಕ್ಕೆ ಅವರಿಗೊಂದು ಹೊಸ ಹುಚ್ಚು ಹಿಡಿಯಿತು. ಈ ವರ್ಷದ ದೊಡ್ಡ ಪ್ರಶಸ್ತಿಗೆ ನಾಮನಿರ್ದೇಶನವಾದ ಸಿನೆಮಾಗಳನ್ನು ಕಲ್ಯಾಣದ ಒಂದು ಥಿಯೇಟರಿನಲ್ಲಿ ಮಂಗಳವಾರ ಮಧ್ಯಾಹ್ನ ಅಗ್ಗದ ಟಿಕೇಟಿಗೆ ತೋರಿಸುತ್ತಾರೆಂದು ತಿಳಿದು, "ನಾವೂ ನೋಡಿ ನಂಬರು ಕೊಡುವ. ಪ್ರಶಸ್ತಿ ಕೊಡುವವರಿಗೆ ಎಂತ ಎರಡು ತಲೆ ಉಂಟಾ?" ಎಂದು ಕಟ್ಟಡದವರನ್ನೆಲ್ಲ ಎಬ್ಬಿಸಿದರು. ಮಂಗಳವಾರ ಸಿನೆಮಾ, ರವಿವಾರ ಅವರ ಮನೆಯಲ್ಲಿ ಗೋಳಿಬಜೆ, ಚಹಾ, ಚರ್ಚೆ. ನನಗೆ ಹೇಗೂ ಮಂಗಳವಾರವೇ ವಾರದ ರಜೆ. ಅನುಷ್ಕಾಳದು ಬೆಳಗ್ಗಿನ ಶಾಲೆ. ಅವಳು ಹಟ ಹಿಡಿದಿದ್ದರಿಂದ ಹೊಸದಾಗಿ ಬಿಡುಗಡೆಯಾದವನ್ನೂ ಸೇರಿಸಿಕೊಂಡೆವು. ಇಲ್ಲದಿದ್ದರೆ ನಾಯಕನೊಬ್ಬ ಒಂದು ಕೈಯಲ್ಲಿ ರೈಲು ನಿಲ್ಲಿಸುವ 'ಜ್ವಾಲಾಗಢ್' ಪಟ್ಟಿಗೆ ಹೇಗೆ ಬರುತ್ತಿತ್ತು?

ಅತ್ತೆ ಮೊದಲು ಕಾಲುನೋವು ಎಂದು ಬರಲೊಪ್ಪಲಿಲ್ಲ. ಭುಜಂಗಣ್ಣ ಮೆಟ್ಟಿಲಲ್ಲಿ ನಿಂತು, "ಇರಲಿ ಬಿಡಿ, ವಿನೋದಕ್ಕನಿಗೆ ಈಗಿನ ಸಿನೆಮಾ ಅರ್ಥ ಆಗ್ಲಿಕ್ಕಿಲ್ಲ" ಎಂದರು. ಅಷ್ಟು ಸಾಕಾಯಿತು. ಮರುಕ್ಷಣ ಅತ್ತೆ ಸೀರೆ ಬದಲಾಯಿಸಿ ಚಪ್ಪಲಿ ಹುಡುಕುತ್ತಿದ್ದರು. ಆಮೇಲೆ ಅವರನ್ನು ತಡೆಯುವವರೇ ಇಲ್ಲ. ಭುಜಂಗಣ್ಣನಿಗೆ ಕ್ಯಾಮೆರಾ ಮುಖ್ಯ, ಅತ್ತೆಗೆ ಊಟ. "ಆ ಹುಡುಗಿ ಪ್ರತಿ ಸೀನಿನಲ್ಲೂ ತಟ್ಟೆ ಬಿಟ್ಟು ಎದ್ದು ಹೋಗ್ತಾಳೆ. ಹಸಿದ ಹೊಟ್ಟೆಗೆ ಯಾರಿಗಾದ್ರೂ ದುಃಖ ಬರ್ತದೆ. ಎರಡು ಮುಷ್ಟಿ ಉಂಡು ಅಳಲಿ, ಆಗ ನಂಬರು ಕೊಡುವ" ಎಂದು ಒಂದು ಹಿಂದಿ ಚಿತ್ರವನ್ನು ಕೊನೆಗೆ ತಳ್ಳಿದರು. 'ಎರಡು ಊರಿನ ಬೆಕ್ಕು' ಎಂಬ ಕನ್ನಡ ಚಿತ್ರವನ್ನು ಎಲ್ಲರೂ ಹೊಗಳಿದಾಗ, ಬೆಕ್ಕು ಚೆನ್ನಾಗಿ ಮಾಡಿದೆ, ಮನುಷ್ಯರು ಅದರಿಂದ ಕಲಿಯಬೇಕು ಎಂದರು. ಇಡೀ ಸಭೆ ನಕ್ಕಿತು. ನೀವು ಹೋದ ಮೇಲೆ ಅವರು ಹೀಗೆ ಸಭೆಯ ನಡುವೆ ಕೂತದ್ದನ್ನು ನಾನು ನೋಡಿರಲಿಲ್ಲ, ರಂಜನ್.

ನಿಜವಾದ ಯುದ್ಧ ಹತ್ತಿಕೊಂಡಿದ್ದು 'ತಿಸರೀ ಕಿಲ್ಲಿ', ಅಂದರೆ ಮೂರನೇ ಕೀಲಿಕೈ, ಎಂಬ ಮರಾಠಿ ಚಿತ್ರದಿಂದ. ಕಥೆ ದೊಡ್ಡದೇನಲ್ಲ. ಚಾಳಿನ ಒಂದು ಖೋಲಿ, ಒಂದೇ ಕೋಣೆಯ ಮನೆ, ಅದಕ್ಕೆ ಮೂರು ಕೀಲಿಕೈ. ಒಂದು ತಾಯಿಯ ಹತ್ತಿರ, ಒಂದು ಕಿರಿಮಗಳ ಹತ್ತಿರ, ಮೂರನೆಯದನ್ನು ಹಿರಿಮಗಳು ಜಗಳವಾಡಿ ಮನೆ ಬಿಡುವಾಗ ತೆಗೆದುಕೊಂಡು ಹೋಗಿದ್ದಾಳೆ. ಅವಳು ಬಂದಾಳೆಂದು ತಾಯಿ ಬೀಗ ಬದಲಿಸಲು ಬಿಡುವುದಿಲ್ಲ. ಕೊನೆಗೆ ಕಿರಿಯವಳು ತಾಯಿಯನ್ನು ಪುಣೆಗೆ ಕರೆದುಕೊಂಡು ಹೋಗುತ್ತಾಳೆ, ಖೋಲಿ ಖಾಲಿಯಾಗುತ್ತದೆ. ಆಮೇಲೊಂದು ದಿನ ಬೀಗ ತೆರೆಯುವ ಸದ್ದು. ಹೆಂಗಸೊಬ್ಬಳು ಒಳಗೆ ಬಂದು ಚೀಲ ಇಟ್ಟು, ಕಿಟಕಿ ತೆರೆದು, ನೆಲದಲ್ಲಿ ಕೂತು ನೀರು ಕುಡಿಯುತ್ತಾಳೆ. ಅಲ್ಲಿಗೆ ಮುಗಿಯಿತು. ಅವಳು ಹೊಸ ಬಾಡಿಗೆಯವಳು.

ರವಿವಾರ ಭುಜಂಗಣ್ಣ ಅದಕ್ಕೆ ಆರನೇ ನಂಬರು ಕೊಟ್ಟರು. ಕೊನೆ ಸಪ್ಪೆ, ಯಾರೋ ಬಾಡಿಗೆಯವಳು ಬಂದು ನೀರು ಕುಡಿದರೆ ನಮಗೇನು ಎಂದು ಅವರ ವಾದ. ಅತ್ತೆ ಚಹಾದ ಲೋಟ ಕೆಳಗಿಟ್ಟರು. "ಬಾಡಿಗೆಯವಳಾ? ಭುಜಂಗಾ, ಅದು ಹಿರಿಮಗಳಲ್ಲವಾ! ಬಂದಳಲ್ಲ ಅವಳು!" ಪಕ್ಕದ ಮನೆಯ ಚಂದ್ರಬಾಯಿ ಮಾವಶಿ, "ಅಹೋ ವಿನೋದಾಬಾಯಿ, ತೀ ಭಾಡೇಕರೂ ಆಹೇ" ಎಂದು, ಅವಳು ಬಾಡಿಗೆಯವಳೇ ಎಂದು ತಮ್ಮ ಭಾಷೆಯ ಚಿತ್ರವೆಂಬ ಅಧಿಕಾರದಿಂದ ಹೇಳಿದರು. ಅನುಷ್ಕಾಳೂ, "ಅಜ್ಜೀ, ವೋ ದೂಸರೀ ಔರತ್ ಥೀ", ಅದು ಬೇರೆ ಹೆಂಗಸು ಎಂದಳು. ಅತ್ತೆ ಜಗ್ಗಲಿಲ್ಲ. "ನಾನು ನೋಡಿದ್ದೇನೆ. ತಾಯಿ ಕೂತುಕೊಳ್ತಿದ್ದ ಜಾಗದಲ್ಲೇ ಕೂತಳು. ಬಾಡಿಗೆಯವಳಿಗೆ ಆ ಜಾಗ ಹೇಗೆ ಗೊತ್ತು? ತಡವಾಯ್ತು ಅವಳಿಗೆ, ತಾಯಿ ಸಿಗ್ಲಿಲ್ಲ. ಆದ್ರೂ ಕಿಟಕಿ ತೆರೆದಳು. ನಾಳೆ ಬೆಳಿಗ್ಗೆ ಪುಣೆಗೆ ಹೋಗ್ತಾಳೆ, ನೋಡ್ತಾ ಇರು." ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ, ಮಾವಶಿಯೇ ಕಣ್ಣೊರೆಸಿಕೊಂಡರು. ನನಗೂ ಅನುಮಾನ ಹತ್ತಿತು. ಭುಜಂಗಣ್ಣ ಮಾತ್ರ ಎದ್ದು ನಿಂತು, "ಮಂಗಳವಾರ ಮತ್ತೆ ಹೋಗುವ. ಎಲ್ಲರೂ ಬನ್ನಿ. ಯಾರದು ಸರಿ ಅಂತ ಆಗಿಯೇ ಹೋಗಲಿ" ಎಂದು ಸಾರಿದರು.

ಹೋದೆವು. ನಾನು ಅತ್ತೆಯ ಪಕ್ಕದಲ್ಲೇ ಕೂತಿದ್ದೆ. ಕೊನೆಯ ದೃಶ್ಯ ಬಂತು, ಬೀಗ ತೆರೆಯಿತು. ಅತ್ತೆ ನನ್ನ ಕೈ ಹಿಡಿದುಕೊಂಡು, "ನೋಡು, ನೋಡು, ಬಂದಳು" ಎಂದು ಸಣ್ಣ ದನಿಯಲ್ಲಿ ಹೇಳಿದರು. ನಾನು ಪರದೆ ನೋಡಿದೆ. ಖೋಲಿಯಲ್ಲಿ ಮಬ್ಬು ಬೆಳಕಿತ್ತು, ನಿಜ. ಆದರೆ ಅವಳು ಕಿಟಕಿ ತೆರೆದ ಕೂಡಲೇ ಮುಖದ ಮೇಲೆ ಬಿಸಿಲು ಬಿತ್ತು. ದುಂಡುಮುಖದ, ಮೂಗುತಿ ಹಾಕಿದ, ಇನ್ನೂ ಇಪ್ಪತ್ತೈದು ದಾಟದ ಹುಡುಗಿ. ಹಿರಿಮಗಳ ಪಾತ್ರದವಳಿಗೂ ಇವಳಿಗೂ ಯಾವ ಹೋಲಿಕೆಯೂ ಇರಲಿಲ್ಲ. ನಾನು ತಿರುಗಿ ಅತ್ತೆಯನ್ನು ನೋಡಿದೆ. ಅವರು ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ನಗುತ್ತಾ ಅಳುತ್ತಿದ್ದರು. ಆಗ ಅವರು ಗ್ಯಾಸು ಸಣ್ಣ ಮಾಡುತ್ತೇನೆಂದು ಪೂರ್ತಿ ಆರಿಸುತ್ತಿದ್ದುದು, ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿದ್ದುದು, ಸ್ಟೇಷನ್ನಿನಲ್ಲಿ ಯಾವ ರೈಲು ಎಂದು ಅನುಷ್ಕಾಳನ್ನು ಕೇಳುತ್ತಿದ್ದುದು, ಎಲ್ಲ ಒಟ್ಟಿಗೆ ನೆನಪಾಯಿತು. ವಯಸ್ಸಾಯಿತು, ಮರೆವು ಎಂದುಕೊಂಡು ನಾನು ಸುಮ್ಮನಿದ್ದೆ. ಅವರಿಗೆ ಮರೆವಲ್ಲ, ಕಣ್ಣು ಕಾಣುತ್ತಿರಲಿಲ್ಲ.

ದೀಪ ಹತ್ತಿತು. ಭುಜಂಗಣ್ಣ ಗೆದ್ದ ಮುಖ ಹೊತ್ತು ನಮ್ಮ ಸಾಲಿಗೆ ಬಂದರು. ಅತ್ತೆ ಎದ್ದು, ಮೆಟ್ಟಿಲ ಅಂಚನ್ನು ಹೆಬ್ಬೆರಳಿನಿಂದ ತಡವಿ ನೋಡಿ ಕಾಲಿಡುತ್ತಿದ್ದರು. ಭುಜಂಗಣ್ಣ ಆ ಕಾಲನ್ನೇ ನೋಡಿದರು. ಆಮೇಲೆ ಏನು ಹೇಳಿದರು ಗೊತ್ತೇ? "ಆ ಕೊನೇ ಸೀನು ಭಾರೀ ಕತ್ತಲೆ ಮಾರಾಯ್ರೆ. ನಂಗೂ ಮುಖ ಸರಿ ಕಾಣ್ಲಿಲ್ಲ. ವಿನೋದಕ್ಕ ಹೇಳಿದ್ದೇ ಇರಬಹುದು." ಚಂದ್ರಬಾಯಿ ಮಾವಶಿ ಬಾಯಿ ತೆರೆದರು. ಭುಜಂಗಣ್ಣ ಉಳಿದ ಪಾಪ್‌ಕಾರ್ನ್ ಪೊಟ್ಟಣವನ್ನು ಮಾವಶಿಯ ಕೈಗೆ ತುರುಕಿ, ತೋಳು ಹಿಡಿದು ಕರೆದುಕೊಂಡು ಹೊರಟೇಬಿಟ್ಟರು.

ಕಲ್ಯಾಣದಿಂದ ನಮಗೆ ರೈಲಿನ ಲೇಡೀಸ್ ಡಬ್ಬದಲ್ಲಿ ಸೀಟು ಸಿಕ್ಕಿತು. ಅತ್ತೆ ಕಿಟಕಿಯ ಕಡೆಗೆ ಮುಖ ಮಾಡಿ ಕೂತರು. ಠಾಕುರ್ಲಿ ದಾಟಿದ ಮೇಲೆ, "ನಿಶ್ಮಿತಾ, ಭುಜಂಗ ಹುಟ್ಟಿದಾಗಿನಿಂದ ಸೋಲು ಒಪ್ಪಿದ ಜನ ಅಲ್ಲ. ಇವತ್ತು ಯಾಕೆ ಹಾಗೆ ಹೇಳಿದ?" ಎಂದು ಕೇಳಿದರು. "ಅದು ಅವಳಲ್ಲ, ಅಲ್ವಾ?"

"ಅಲ್ಲ ಅತ್ತೆ" ಎಂದೆ.

ಅತ್ತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಬಲಗಣ್ಣಲ್ಲಿ ಎಲ್ಲ ಹೊಗೆ ಹಾಕಿದ ಹಾಗೆ ಕಾಣ್ತದೆ, ಎಡಗಣ್ಣೂ ಅಷ್ಟಕ್ಕಷ್ಟೆ. ಸುಮಾರು ಸಮಯ ಆಯ್ತು. ಅವನು ನೀರಿನ ಮೇಲೆ ಇರುವವನು, ಅವನಿಗೆ ಯೋಚನೆ ಕೊಡುವುದು ಬೇಡ ಅಂತ ಹೇಳ್ಲಿಲ್ಲ. ಮತ್ತೆ, ಹೆದರಿಕೆಯೂ ಆಯ್ತು" ಎಂದರು. ಅತ್ತೆಯ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಡೊಂಬಿವಲಿಯಲ್ಲಿ ಇಳಿಯುವಾಗ ಅವರೇ ನನ್ನ ಕೈ ಹಿಡಿದುಕೊಂಡು, "ಡಾಕ್ಟರ ಹತ್ತಿರ ಹೋಗುವ. ಅವನಿಗೆ ಹೇಳಿದ್ರೆ ಮಾತ್ರ ನಾನು ಬರುವುದಿಲ್ಲ" ಎಂದರು. ನಾನು ಒಪ್ಪಿಕೊಂಡೆ. ನೀವಾಗಿದ್ದರೂ ಒಪ್ಪುತ್ತಿದ್ದಿರಿ.

ಕಣ್ಣಿನ ಪೊರೆಯೇ ಆಗಿತ್ತು. ಜನವರಿ ಕೊನೆಗೆ ಥಾಣೆಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಭುಜಂಗಣ್ಣನಿಗೆ ಮೊದಲೇ ಎರಡೂ ಕಣ್ಣಿನದು ಆಗಿತ್ತಲ್ಲ, ತಾವೇ ಡಾಕ್ಟರನ್ನು ಹುಡುಕಿ, ತಾವೇ ಟ್ಯಾಕ್ಸಿ ಮಾಡಿಸಿ, ದಾರಿಯುದ್ದಕ್ಕೂ ಏನೂ ನೋವಾಗುವುದಿಲ್ಲವೆಂದು ಹೇಳುತ್ತಾ ಅತ್ತೆಯನ್ನು ಇನ್ನಷ್ಟು ಹೆದರಿಸಿದರು. ಆ ವಾರ ನೀವು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಬರೀ ಸೀಲಿಂಗ್ ಫ್ಯಾನ್ ಕಂಡು ಬೈದಿರಿ, ನೆನಪಿದೆಯೇ? ಕಪ್ಪು ಕನ್ನಡಕ ನಿಮಗೆ ಕಾಣದಿರಲೆಂದು ಅಜ್ಜಿ ಮೊಮ್ಮಗಳಿಗೆ ಲಂಚ ಕೊಟ್ಟು ಫೋನು ಹಾಗೆ ಹಿಡಿಸಿದ್ದರು. ಲಂಚ ವಡಾಪಾವಿನದು.

ಕಣ್ಣಿನ ಪಟ್ಟಿ ತೆಗೆದ ಮರುದಿನ ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು ಗೋಡೆಯ ಟೈಲ್ಸ್ ನೋಡಿದರು. "ಇಷ್ಟು ಜಿಡ್ಡು! ನೀನು ಒರೆಸುವುದೇ ಇಲ್ವಾ?" ಎಂದರು. ಆಗಲೇ ನನಗೆ ಆಪರೇಷನ್ ಯಶಸ್ವಿಯಾಯಿತೆಂದು ಖಾತ್ರಿಯಾಯಿತು.

ಅಷ್ಟರಲ್ಲಿ 'ತಿಸರೀ ಕಿಲ್ಲಿ' ಟಿವಿಗೇ ಬಂತು. ಅತ್ತೆ ಒಬ್ಬರೇ ಕೂತು ನೋಡಿದರು, ನಮ್ಮನ್ನು ಹತ್ತಿರ ಸೇರಿಸಲಿಲ್ಲ. ಮುಗಿದ ಮೇಲೆ ಟಿವಿ ಆರಿಸಿ, "ಚೆಂದದ ಹುಡುಗಿ, ಪಾಪ, ಮೂಗುತಿ ಒಪ್ತದೆ" ಎಂದಷ್ಟೇ ಹೇಳಿ ತೆಂಗಿನಕಾಯಿ ತುರಿಯಲು ಕೂತರು. ಬೇಸರವಾಯಿತೋ ಏನೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಇವತ್ತು ಕೊನೆಯ ಸಭೆ, ನಂಬರುಗಳನ್ನು ಗಟ್ಟಿ ಮಾಡುವ ದಿನ. ಪ್ರಶಸ್ತಿ ಮೊನ್ನೆಯೇ ಬೆಕ್ಕಿನ ಸಿನೆಮಾಕ್ಕೆ ಹೋಯಿತು, ಇಲ್ಲಿ ಯಾರಿಗೂ ಅದರ ಗೊಡವೆಯಿಲ್ಲ. ಭುಜಂಗಣ್ಣ ಬಹಳ ನಾಜೂಕಾಗಿ, "ವಿನೋದಕ್ಕ, ಆ ಮರಾಠಿ ಸಿನೆಮಾದ ನಂಬರು ಹಾಗೇ ಇರಲಾ?" ಎಂದು ಕೇಳಿದರು. ಎಲ್ಲರೂ ಗೋಳಿಬಜೆಯ ತಟ್ಟೆ ನೋಡತೊಡಗಿದರು. ಅತ್ತೆ ಕನ್ನಡಕ ತೆಗೆದು, "ಟಿವಿಯಲ್ಲಿ ಬಂದದ್ದಕ್ಕೆ ಆರನೇ ನಂಬರು. ಭುಜಂಗ ಹೇಳಿದ್ದು ಸರಿ, ಕೊನೆ ಸಪ್ಪೆ" ಎಂದರು. ಭುಜಂಗಣ್ಣ ಬರೆದುಕೊಳ್ಳಲು ಪೆನ್ನು ಎತ್ತಿದರು. "ತಡಿ. ನಾನು ಮೊದಲು ನೋಡಿದ್ದಕ್ಕೆ ಒಂದನೇ ನಂಬರು."

"ಅದು ಎಲ್ಲುಂಟು ವಿನೋದಕ್ಕ? ಅಂಥ ಸಿನೆಮಾ ಯಾರೂ ತೆಗೀಲೇ ಇಲ್ಲ."

"ತೆಗೀದಿದ್ರೆ ಅವರಿಗೆ ನಷ್ಟ. ನಾನು ಟಿಕೇಟು ಕೊಟ್ಟು ನೋಡಿದ್ದೇನೆ."

ಇಲ್ಲದ ಸಿನೆಮಾಕ್ಕೆ ನಂಬರು ಕೊಡಬಹುದೇ ಎಂಬುದರ ಮೇಲೆ ದೊಡ್ಡ ಗಲಾಟೆಯಾಯಿತು. ಅನುಷ್ಕಾ, "ಅಜ್ಜೀ ಕಾ ವರ್ಷನ್ ಬೆಸ್ಟ್ ಹೈ" ಎಂದು ಕುರ್ಚಿ ಹತ್ತಿ ಕೂಗಿದಳು. ಕೊನೆಗೆ ಚಂದ್ರಬಾಯಿ ಮಾವಶಿ ಅತ್ತೆಯ ಹತ್ತಿರ ಸರಿದು, ನಿಮ್ಮ ಸಿನೆಮಾವನ್ನು ಮೊದಲಿಂದ ಹೇಳಿ ಎಂದರು. ಅತ್ತೆ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದರು. ಹಿರಿಮಗಳು ಇಷ್ಟು ವರ್ಷ ಎಲ್ಲಿದ್ದಳು, ಏನು ಉಂಡಳು, ಆ ಕೀಲಿಕೈಯನ್ನು ಎಲ್ಲಿ ಕಟ್ಟಿಕೊಂಡಿದ್ದಳು, ಪುಣೆಯ ಬಾಗಿಲು ತಟ್ಟಿದಾಗ ತಾಯಿ ಮೊದಲು ಏನಂದಳು, ಎಲ್ಲ. ಚಹಾ ಆರಿತು, ಯಾರೂ ಮುಟ್ಟಲಿಲ್ಲ. ಮುಗಿದ ಮೇಲೆ ಭುಜಂಗಣ್ಣ ಪಟ್ಟಿಯ ತಲೆಯಲ್ಲಿ "ವಿನೋದಕ್ಕನ ತಿಸರೀ ಕಿಲ್ಲಿ" ಎಂದು ಬರೆದರು. ಯಾರೂ ವಿರೋಧಿಸಲಿಲ್ಲ. ಅತ್ತೆ ಬಜೆಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆ ಎಂದರು.

ಇಷ್ಟು ಸಮಾಚಾರ. ಸಿಟ್ಟು ಬಂದಿದ್ದರೆ ನನ್ನ ಮೇಲೆ ಬರಲಿ, ಅವರ ಮೇಲೆ ಬೇಡ. ಅತ್ತೆ ತಮ್ಮ ಆಶೀರ್ವಾದ ತಿಳಿಸಿದ್ದಾರೆ, ಚಟ್ನಿಯನ್ನು ಎಲ್ಲರಿಗೂ ಹಂಚಿ ಮುಗಿಸಬೇಡ ಎಂದೂ ಹೇಳಿದ್ದಾರೆ. ಅನುಷ್ಕಾಳ ಮುತ್ತು. ಮೈ ಕಡೆ ಗಮನವಿರಲಿ.

ನಿಮ್ಮವಳೇ,
ನಿಶ್ಮಿತಾ

ತಾ.ಕ.: ಅತ್ತೆ ಪಟ್ಟಿ ತಿದ್ದಿಸಲು ಮತ್ತೆ ಮೂರನೇ ಮಾಳಿಗೆಗೆ ಹೋಗಿದ್ದಾರೆ, ಬರುವುದರೊಳಗೆ ಬರೆದುಬಿಡುತ್ತೇನೆ. ಕಂಪನಿಯವರು ಇನ್ನೆರಡು ತಿಂಗಳು ಇರಲು ಕೇಳುತ್ತಿದ್ದಾರೆ ಎಂದು ಮೊನ್ನೆ ವಿಡಿಯೋ ಕಾಲಿನಲ್ಲಿ ಹೇಳಿದಿರಿ. ಅತ್ತೆ "ಇರು, ಇರು, ಕೆಲಸ ದೊಡ್ಡದು" ಎಂದರು, ನಾನೂ ತಲೆಯಾಡಿಸಿದೆ. ಫೋನು ಇಟ್ಟ ಮೇಲೆ ಅವರು, "ಇವನ ಕಿವಿ ಹತ್ತಿರ ಕೂದಲು ಯಾವಾಗ ಬೆಳ್ಳಗಾಯ್ತು? ನೀನು ಹೇಳಲೇ ಇಲ್ಲ" ಎಂದು ಕೇಳಿದರು. ಹೋದ ರಜೆಯಿಡೀ ನೀವು ಅವರ ಎದುರೇ ಊಟಕ್ಕೆ ಕೂರುತ್ತಿದ್ದಿರಿ, ರಂಜನ್. ನಾನೇನು ಹೇಳಲಿ? ಕಂಪನಿಗೆ ಹೂಂ ಎನ್ನಬೇಡಿ, ಏಪ್ರಿಲಿನಲ್ಲೇ ಇಳಿದು ಬನ್ನಿ. ಎಡಗಣ್ಣಿನದನ್ನು ನೀವು ಬಂದ ಮೇಲೆಯೇ ಮಾಡಿಸುತ್ತಾರಂತೆ. ಮತ್ತೆ, ಬರುವ ಮುಂಚೆ ಕೂದಲಿಗೆ ಬಣ್ಣ ಹಚ್ಚಿಕೊಳ್ಳಬೇಡಿ. ಅವರು ಸರಿಯಾಗಿ ನೋಡಲಿ.