ಎದುರಿಗೇ ಕುಳಿತು ಗೈರುಹಾಜರಾದ ಹತ್ತೊಂಬತ್ತು ಜನ

ತಾಲ್ಲೂಕನ್ನೂ ಅದರ ಮೇಲಿನ ಆಕಾಶವನ್ನೂ ಒಂದೇ ಮೊಹರಿನಿಂದ ಆಳುತ್ತಿರುವ ತಹಸೀಲ್ದಾರ್ ಸಾಹೇಬರೇ,

ಇಂದಿಗೆ ಹನ್ನೆರಡು ದಿನಗಳ ಹಿಂದೆ, ಗುರುವಾರ, ಹುಣಸಿಗಡ್ಡಿಯ ಹತ್ತೊಂಬತ್ತು ಜನ ಕೌಲುದಾರರು ನಿಮ್ಮ ಮೇಜಿನಿಂದ ಮೂರು ಮಾರು ದೂರದಲ್ಲಿ ನೆಲದ ಮೇಲೆ ಕುಳಿತಿದ್ದರು. ನೀವು ಅವರನ್ನು ಕಣ್ಣಾರೆ ಕಂಡಿರಿ. ಒಬ್ಬೊಬ್ಬರ ಹೆಸರು ಕೂಗಿಸಿದಿರಿ. 'ಇದ್ದೀನ್ರಿ' ಎಂದದ್ದನ್ನು ಕಿವಿಯಾರೆ ಕೇಳಿದಿರಿ. ಆಮೇಲೆ ಹತ್ತೊಂಬತ್ತು ಹೆಸರುಗಳ ಮುಂದೆಯೂ 'ಗೈರುಹಾಜರ್' ಎಂದು ಬರೆಸಿದಿರಿ. ಇದ್ದವರನ್ನು ಇಲ್ಲವೆನಿಸುವುದು ಯಮನ ಕೆಲಸ ಎಂದು ನಾವು ತಿಳಿದಿದ್ದೆವು. ಅದು ಈಗ ಕಂದಾಯ ಇಲಾಖೆಗೆ ವರ್ಗವಾಗಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ.

ಈ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗೂ ವಿಷಯ ತಿಳಿಯಲಿ. ಹುಣಸಿಗಡ್ಡಿ ಕೃಷ್ಣೆಯ ನಡುವಿನ ಊರು. ಸುತ್ತ ನೀರು, ನಡುವೆ ನಾವು. ಬೇರೆಯವರ ಹೊಲವನ್ನು ಕೌಲಿಗೆ ಮಾಡುವವರು ಇಂಥ ದಿನ ಕಚೇರಿಗೆ ಖುದ್ದಾಗಿ ಬಂದರೆ ಉಳುವ ಹಕ್ಕನ್ನು ಅವರ ಹೆಸರಿಗೆ ಬರೆಯುತ್ತೇವೆ, ಬಾರದಿದ್ದರೆ ಹೊಲ ಬಿಡಬೇಕು ಎಂದು ಹೊಸ ಸರಕಾರ ಡಂಗುರ ಸಾರಿತು. ಒಳ್ಳೆಯ ಮಾತು. ನಿಜಾಮರ ಆಳ್ವಿಕೆ ಹೋಗಿ ನಾಲ್ಕು ವರ್ಷವಾದ ಮೇಲೆ ನಮ್ಮ ಊರಿನವರೆಗೆ ಬಂದ ಮೊದಲನೆಯ ಒಳ್ಳೆಯ ಮಾತು ಅದು. ವಿಚಾರಣೆಗೆ ಮಾತ್ರ ಶ್ರಾವಣದ ಗುರುವಾರವನ್ನು ಗೊತ್ತುಮಾಡಿದಿರಿ. ಹೊಳೆ ಬೇಸಿಗೆಯಲ್ಲಿ ಮೊಣಕಾಲಿಗೂ ಬರುವುದಿಲ್ಲ. ಆಗ ನಿಮ್ಮ ಕಚೇರಿಗೆ ಪುರುಸೊತ್ತಿರಲಿಲ್ಲವೇನೋ.

ಇನ್ನು ನಿಮ್ಮ ಇನ್ನೊಂದು ಹುಕುಮು. ಹೋದ ವರ್ಷ ಕೆಳಗಿನ ಊರಿನ ಹರಗೋಲು ಮಗುಚಿ ಮೂವರು ತೀರಿಕೊಂಡರು. ನಿಮಗೆ ಸಂಕಟವಾಯಿತು, ನಿಜ. ಆ ಸಂಕಟಕ್ಕೆ ನನ್ನ ತಕರಾರಿಲ್ಲ. ಹತ್ತಕ್ಕಿಂತ ಹೆಚ್ಚು ಜನ ಹೊಳೆ ದಾಟುವುದಿದ್ದರೆ ಎಂಟು ದಿನ ಮುಂಚೆ ಅರ್ಜಿ ಕೊಡಬೇಕು, ದಾಟುವ ದಿನದ ಹವಾಮಾನವನ್ನು ಅರ್ಜಿಯಲ್ಲೇ ಕಾಣಿಸಬೇಕು, ಕಚೇರಿಯ ಅಂಗಳದ ಮಳೆ ಅಳೆಯುವ ಡಬ್ಬಿಯಲ್ಲಿ ಹನಿ ಬಿದ್ದ ದಿನ ಹರಗೋಲು ಬಿಡಕೂಡದು, ಬೀಳದ ದಿನ ಬಿಡಬಹುದು ಎಂದಿರಿ. ಎಂಟು ದಿನದ ಆಚೆಯ ಹವಾಮಾನ! ನಮ್ಮೂರ ಜೋಯಿಸರೂ ಇಷ್ಟು ಧೈರ್ಯ ಮಾಡಿದವರಲ್ಲ. ಅದಿರಲಿ, ಆ ಮೂವರು ಹೋದ ದಿನ ಸುಡುಸುಡು ಬಿಸಿಲಿತ್ತು ಎಂಬುದನ್ನು ನಿಮಗೆ ಯಾರಾದರೂ ಹೇಳಿದರೇ? ಕೃಷ್ಣೆಗೆ ನೀರು ಬರುವುದು ನಿಮ್ಮ ಅಂಗಳದ ಮಳೆಯಿಂದಲ್ಲ, ದೂರದ ಪಡುವಣ ಘಟ್ಟದ ಮಳೆಯಿಂದ. ಅಲ್ಲಿ ಹೊಡೆದ ಮಳೆ ನಾಲ್ಕೈದು ದಿನ ನಡೆದು ನಮ್ಮ ಬಿಸಿಲಿಗೆ ಬಂದು ಮುಟ್ಟುತ್ತದೆ. ಇಷ್ಟು ನಮ್ಮೂರ ಆಡುಗಳಿಗೂ ಗೊತ್ತಿದೆ.

ಆದರೂ ಕಾಯದೆ ಕಾಯದೆಯೇ. ಊರವರಿಗಾಗಿ ಅರ್ಜಿ ಬರೆದವನು ಊರ ಮಾಸ್ತರನಾದ ನಾನು. ದಾಟುವ ದಿನದ ಹವಾಮಾನದ ಕಲಮಿನಲ್ಲಿ 'ದೇವರ ಚಿತ್ತ' ಎಂದು ಬರೆದಿದ್ದೆ. ನಿಮ್ಮ ಗುಮಾಸ್ತರು ಅದನ್ನು ಹೊಡೆದು 'ಸಾಧಾರಣ' ಎಂದು ತಿದ್ದಿಸಿದರು. ಬುಧವಾರ ದಾಟಲು ಪರವಾನಗಿ ಸಿಕ್ಕಿತು. ನಾನು ಅದನ್ನು ಮೂರು ಪದರ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಊರಿಗೆ ಒಯ್ದೆ.

ನಮ್ಮ ಅಂಬಿಗ ಮಲ್ಲಣ್ಣನಿಗೆ ಓದು ಬರಹ ಬರುವುದಿಲ್ಲ. ಅವನು ಸಂಜೆ ನೀರಿನ ಅಂಚಿಗೆ ಒಂದು ಜಾಲಿಯ ಗೂಟ ಬಡಿದು, ಬೆಳಿಗ್ಗೆ ನೀರು ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ನೋಡುತ್ತಾನೆ. ನೀರಿನಲ್ಲಿ ಕೈಯಿಟ್ಟು ತಣ್ಣಗಿದೆಯೋ ಬೆಚ್ಚಗಿದೆಯೋ ಹೇಳುತ್ತಾನೆ. ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಅವನು ಗೂಟದ ಬಳಿ ಕುಕ್ಕರಗಾಲಲ್ಲಿ ಕುಳಿತು ಹೊತ್ತುಹೊತ್ತಿಗೂ ನೀರು ಮುಟ್ಟಿ ನೋಡಿದ. ಆಮೇಲೆ ಎದ್ದು ನನ್ನ ಕಡೆ ತಿರುಗಿದ.

"ಮಾಸ್ತರ, ಮ್ಯಾಲ ನೋಡಬ್ಯಾಡ್ರಿ, ಕೆಳಗ ನೋಡ್ರಿ. ನೀರು ತಣ್ಣಗಾಗ್ಯದ, ಕೆಂಪು ನೊರಿ ಬರಾಕತ್ತದ. ಘಟ್ಟದಾಗ ಜೋರ್ ಮಳಿ ಆಗ್ಯದ. ಇವತ್ತ ದಾಟಿದ್ರ ದಾಟಿದಂಗ. ಬುಧವಾರ ಹೊಳಿ ಬಾಯಿ ತಗೀತದ."

"ಮಲ್ಲಣ್ಣ, ಪರವಾನಗಿ ಬುಧವಾರದ್ದು ಐತಲ್ಲೋ," ಎಂದೆ.

"ಹಂಗಾದ್ರ ಆ ಕಾಗದಾನೇ ನೀರಿಗಿ ಬಿಟ್ಟು ಅದರ ಮ್ಯಾಲ ಕುಂತು ಹೋಗ್ರಿ," ಎಂದ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರನ್ನು ಕಂಡಿದ್ದೇನೆ. ಹೊಳೆಯನ್ನೇ ನೋಡದೆ ಅಂಬಿಗನ ಹಂಗು ತೊರೆದವರು ನೀವೊಬ್ಬರೇ. ನಮಗೆ ಅಷ್ಟು ಎದೆಗಾರಿಕೆ ಇಲ್ಲ. ಕಂಬಳಿ ಹೊದ್ದು, ಎರಡು ಸಲಕ್ಕೆ ಎಲ್ಲರೂ ದಾಟಿದೆವು. ಮಲ್ಲಣ್ಣ ಹರಗೋಲನ್ನು ಈಚೆ ದಂಡೆಯ ಬೇವಿನ ಬುಡಕ್ಕೆ ಎಳೆದು ಅದರ ಕಾವಲಿಗೆ ನಿಂತ. ನಾವು ಆರು ಹರದಾರಿ ಕೆಸರು ತುಳಿದು ಮಂಗಳವಾರ ನಿಮ್ಮ ಕಚೇರಿಯ ಊರಿನ ಧರ್ಮಶಾಲೆ ಸೇರಿದೆವು. ಬುಧವಾರ ಆಕಾಶ ತೊಳೆದಿಟ್ಟ ತಾಟಿನಂತಿತ್ತು. ನಿಮ್ಮ ಡಬ್ಬಿ ಒಣಗಿತ್ತು. ಆದರೆ ದಂಡೆಯಲ್ಲೇ ಇದ್ದ ಮಲ್ಲಣ್ಣ ಕಂಡಂತೆ, ಹೊಳೆ ದಂಡೆಯಿಂದ ದಂಡೆಗೆ ತುಂಬಿ ಮರಗಳನ್ನು ಬೇರು ಸಮೇತ ಹೊತ್ತು ಹೋಗುತ್ತಿತ್ತು. ಅಂದು ನಿಮ್ಮ ಅಪ್ಪಣೆಯನ್ನು ಪಾಲಿಸಿದ್ದರೆ ನಮ್ಮೆಲ್ಲರ ವಿಚಾರಣೆ ಮೇಲಿನ ಕೋರ್ಟಿನಲ್ಲೇ ಮುಗಿಯುತ್ತಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಗುರುವಾರ ನಿಮ್ಮೆದುರು ಯಾರೂ ಪರವಾನಗಿ ಕೇಳಿರಲಿಲ್ಲ. ಕಾಗದವೆಂದರೆ ಜೀವ ಬಿಡುವ ನಾನೇ ಎದ್ದು, ಮೂರು ಪದರ ಬಿಚ್ಚಿ, ಅದನ್ನು ನಿಮ್ಮ ಮೇಜಿನ ಮೇಲೆ ಇಟ್ಟೆ. ನಮ್ಮವರು ಕಾಯದೆ ಮೀರಿದವರಲ್ಲ ಎಂದು ತೋರಿಸುವ ಹುಚ್ಚು. ನೀವು ತಾರೀಖು ನೋಡಿದಿರಿ. ಯಾವಾಗ ದಾಟಿದಿರಿ ಎಂದು ಮುಂದೆಯೇ ಕುಳಿತಿದ್ದ ದೇವಕಮ್ಮನನ್ನು ಕೇಳಿದಿರಿ. ಆಕೆ ದೋರನಹಳ್ಳಿಯ ಮಗಳು, ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಒಬ್ಬಳೇ ಹೊಲ ಮಾಡಿದವಳು, ಸುಳ್ಳು ಹೇಳಲು ಪುರುಸೊತ್ತಿಲ್ಲದವಳು.

"ಸೋಮವಾರ್ರಿ ಸಾಹೇಬ್ರ. ಮಲ್ಲಣ್ಣ ಬ್ಯಾಡ ಅಂದ ದಿನ ನಾವು ನೀರಿಗಿ ಇಳ್ಯಂಗಿಲ್ರಿ."

ನಿಮ್ಮ ತರ್ಕ ಅಲ್ಲಿಂದ ಹರಿಯಿತು ನೋಡಿ, ಕೃಷ್ಣೆಯೂ ನಾಚಬೇಕು! ಸೋಮವಾರ ಪರವಾನಗಿ ಇರಲಿಲ್ಲ, ಆದ್ದರಿಂದ ಆ ದಾಟುವಿಕೆ ಕಾಯದೆಯ ಕಣ್ಣಿನಲ್ಲಿ ನಡೆದೇ ಇಲ್ಲ. ಬುಧವಾರ ಪರವಾನಗಿ ಇತ್ತು, ಆದರೆ ಅಂದು ಯಾರೂ ದಾಟಲಿಲ್ಲವೆಂದು ವರದಿ ಬಂದಿದೆ. ಎರಡೂ ದಿನ ದಾಟದವರು ಗುರುವಾರ ಇಲ್ಲಿರುವುದು ಹೇಗೆ? ಆದ್ದರಿಂದ ಇಲ್ಲ. ಹೊಲದ ಒಡೆಯರ ಪರವಾಗಿ ಬಂದಿದ್ದ ಮುಖ್ತಾರರು ಪಕ್ಕದ ಕುರ್ಚಿಯಲ್ಲಿ ಕುಳಿತು ಪ್ರತಿ ಮಾತಿಗೂ ತಲೆದೂಗಿದರು. ಅವರು ಹಾಜರಿದ್ದರು, ಅವರ ದಾರಿಯಲ್ಲಿ ಹೊಳೆಯಿಲ್ಲ.

"ನಾ ಇಲ್ಲೇ ಕುಂತೀನಲ್ರಿ ಸಾಹೇಬ್ರ, ಇಲ್ಲ ಅಂತ ಹ್ಯಾಂಗ ಬರೀತೀರಿ?" ಎಂದು ದೇವಕಮ್ಮ ಕೇಳಿದಳು. ಇಲ್ಲದವರಿಗೆ ನೀವಾದರೂ ಉತ್ತರ ಹೇಗೆ ಕೊಡುವುದು? ಗುಮಾಸ್ತರೇ ಹೇಳಿದರು: "ನೆಲದ ಮ್ಯಾಲ ಕುಂತೀಯಮ್ಮ, ಖರೆ. ಕಾಗದದಾಗ ಕುಂತಿಲ್ಲ." ಆ ಕಾಗದವನ್ನು ಇಟ್ಟ ನನ್ನ ಕೈಯನ್ನು ಇವತ್ತಿಗೂ ಶಪಿಸುತ್ತಿದ್ದೇನೆ. ಬಾವುಟ ಬದಲಾಯಿತು, ಮೊಹರು ಬದಲಾಯಿತು, ಗೋಡೆಯ ಮೇಲಿನ ಪಟ ಬದಲಾಯಿತು. ಬಡವನ ಹೆಸರಿನ ಮುಂದೆ ಬರೆಯುವ ಆ ಒಂದು ಮಾತು ಮಾತ್ರ ಬದಲಾಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರವೂ ಇಲ್ಲಿಗೇ ನಿಲ್ಲುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಜೀವ ಉಳಿಸಿದ ಅಪರಾಧಕ್ಕಾಗಿ ಮಲ್ಲಣ್ಣನ ಹರಗೋಲನ್ನು ಜಪ್ತಿ ಮಾಡಿಸಿ, ಎತ್ತಿನ ಬಂಡಿಯ ಮೇಲೆ ಆರು ಹರದಾರಿ ಮೆರವಣಿಗೆ ಮಾಡಿ ಕಚೇರಿಗೆ ತರಿಸಿದಿರಿ. ಶನಿವಾರ ಅದು ಬಂತು. ಇಡಲು ಜಾಗವಿರಲಿಲ್ಲ. ಎಲ್ಲಿಟ್ಟರು ಎಂಬುದನ್ನು ನಿಮ್ಮ ಜವಾನ ಲಾಡ್ಲೇಸಾಬ ತಾನಾಗಿಯೇ ಸಂತೋಷದಿಂದ ಹೇಳಿದ: "ಮಳಿ ಡಬ್ಬಿ ಮ್ಯಾಲ ಬೋರಲು ಹಾಕೀನ್ರಿ ಮಾಸ್ತರ. ಆಡು ಬಂದು ದಿನಾ ಕೆಡವತಿದ್ವು. ಈಗ ಡಬ್ಬಿನೂ ಭದ್ರ, ಹರಗೋಲೂ ಭದ್ರ." ಅಂದಿನಿಂದ ಊರು ತೊಯ್ದು ತೊಪ್ಪೆಯಾಗಿದೆ, ನಿಮ್ಮ ಕಚೇರಿಯ ಮಾಡೇ ಸೋರುತ್ತಿದೆ. ಆದರೂ ಹರಗೋಲಿನಡಿಯ ಡಬ್ಬಿಯಲ್ಲಿ ಒಂದು ಹನಿಯಿಲ್ಲ. ಪ್ರತಿ ಬೆಳಿಗ್ಗೆ ಹಲಗೆಯ ಮೇಲೆ ಬರೆಯುತ್ತಾರೆ: ಮಳೆ ಇಲ್ಲ, ಹೊಳೆ ದಾಟಲು ಅಡ್ಡಿಯಿಲ್ಲ. ಆ ಹಲಗೆಯನ್ನು ನಂಬಿ ಯಾರಾದರೂ ನೀರಿಗಿಳಿದರೆ ಅವರ ಹೆಣವನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ?

ಸಾಹೇಬರೇ, ಬರುವ ಸೋಮವಾರ ನಿಮ್ಮ ಪಟ್ಟಿ ಜಿಲ್ಲೆಗೆ ಹೋಗುತ್ತದಂತೆ. ಅದು ಹೋದರೆ ಹತ್ತೊಂಬತ್ತು ಮನೆಗಳ ಹೊಲವೂ ಹೋಯಿತು. ಅಷ್ಟರೊಳಗೆ ಆ ಹೆಸರುಗಳ ಮುಂದೆ 'ಹಾಜರ್' ಎಂದು ಬರೆಯಿರಿ. ಹರಗೋಲನ್ನು ಮಲ್ಲಣ್ಣನಿಗೆ ಕೊಡಿ. ಮುಂದೆ ಹೊಳೆಯ ಮಾತು ಬಂದಾಗ ಡಬ್ಬಿಯನ್ನು ಕೇಳಬೇಡಿ, ಅವನನ್ನು ಕೇಳಿ. ನಂಬಿಕೆಯಿಲ್ಲದಿದ್ದರೆ ಧರ್ಮಶಾಲೆಗೆ ಬಂದು ನೋಡಿ. ಮರಳಿ ಹೋಗಲು ದಾರಿಯಿಲ್ಲದೆ ಎಲ್ಲರೂ ಇಲ್ಲೇ ಇದ್ದೇವೆ. ನಿಮ್ಮ ಮೇಜಿನಿಂದ ಇನ್ನೂರು ಹೆಜ್ಜೆ.

ಇದನ್ನು ಬರೆದು ಎಲ್ಲರಿಗೂ ಓದಿ ಹೇಳಿದೆ. ಹತ್ತೊಂಬತ್ತು ಜನ ಊರು ಬಿಟ್ಟಿದ್ದಾರೆಂದು ಊರ ಲೆಕ್ಕ ಬರೆಯುವ ನಮ್ಮ ಪಟವಾರಿ ಬರೆದಿದ್ದಾನೆ, ಇಲ್ಲಿಗೆ ಬಂದಿಲ್ಲವೆಂದು ನೀವು ಬರೆದಿದ್ದೀರಿ, ಸರಕಾರದ ಲೆಕ್ಕದಲ್ಲಿ ನಾವು ಹೊಳೆಯಲ್ಲೇ ಇರಬೇಕು ಎಂದೆ. ಎಲ್ಲರೂ ನಕ್ಕರು. ದೇವಕಮ್ಮ ನಗಲಿಲ್ಲ.

"ಮಾಸ್ತರ, ಇನ್ನೊಂದು ಮಾತು ಬರೀರಿ," ಎಂದಳು. "ಬಂದೀವಿ ಅಂತ ಬರಿಯಾಕ ಆಗಲಿಲ್ಲಂದ್ರ, ಮುಳುಗಿ ಸತ್ತೀವಿ ಅಂತಾದ್ರೂ ಬರೀಲಿ. ಆಗ ಹೊಲ ನನ್ನ ಮಗಳ ಹೆಸರಿಗಿ ಆಗ್ತದೇನು, ಕೇಳ್ರಿ."

ಕೇಳಿದ್ದೇನೆ. ಸೋಮವಾರದೊಳಗೆ ಉತ್ತರ ಬೇಕು.

ಇಂತಿ,
ತಮ್ಮ ದಫ್ತರದ ಪ್ರಕಾರ ಇನ್ನೂ ನಡುನೀರಿನಲ್ಲಿರುವ,
ಹುಣಸಿಗಡ್ಡಿಯ ಅಯ್ಯಪ್ಪ ಮಾಸ್ತರ
(ಕೇಳದ ಕಾಗದವನ್ನು ತೋರಿಸಿ ಕೆಟ್ಟವನು)